ಕಡವಿನಬೈಲಿನ ಕಾವಲು ಜಟ್ಟಗ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಅಮ್ಮನ ತಮ್ಮ, ಮಾಬ್ಲ ಮಾವ. ದೇವಸ್ಥಾನಕ್ಕೆ ಹೂಮಾಲೆ ಕಟ್ಟಿಕೊಡುವುದು ಅವರ ಮನೆಯ ಸೇವೆ. ಬಾಳೆನಾರನ್ನು ಬೆರಳಿಗೆ ಸುತ್ತಿಕೊಂಡು ಕೂತರೆ ಮಾತ್ರ ಅವರ ಬಾಯಿಂದ ಕಥೆ ಹೊರಡುತ್ತಿತ್ತು. ನಾರು ಮುಗಿದರೆ ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಅವರಿಗೆ ಹೇಳಿದವರು ಅವರ ಅಜ್ಜಿ. ಅಜ್ಜಿಗೆ ಹೇಳಿದವರು ಯಾರು ಎಂದು ಕೇಳಿದರೆ ಮಾವ ಸುಮ್ಮನೆ ಹೊಳೆಯ ಕಡೆಗೆ ಕೈ ತೋರಿಸುತ್ತಿದ್ದರು. ಕಥೆಯಲ್ಲಿ ಬರುವ ಫುಟ್ಬಾಲಿನ ಆಟವನ್ನು ಕಣ್ಣಾರೆ ಕಂಡವರು ಈಗ ಯಾರೂ ಉಳಿದಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಹೇಳುತ್ತೇನೆ. ಕೂಡಿಸಿದ್ದೇನಾದರೂ ಇದ್ದರೆ ಅದು ನನಗಿಂತ ಮುಂಚಿನವರು ಕೂಡಿಸಿದ್ದು.

ಹೊಳೆ ಇನ್ನೂ ಹಳೇ ದಾರಿಯಲ್ಲೇ ಹರಿಯುತ್ತಿದ್ದ ಕಾಲ. ಆಗ ಕಡವಿನಬೈಲು ಅಂತ ಒಂದು ಊರು. ಒಂದು ಮಗ್ಗುಲಿಗೆ ಹೊಳೆ, ಒಂದು ಮಗ್ಗುಲಿಗೆ ಸಮುದ್ರ, ನಡುವೆ ಗದ್ದೆ ಬಯಲು. ಯಾವುದೋ ದೂರದ ಹಡಗು ಹೊಳೆಯ ಬಾಯಿಯಲ್ಲಿ ಹೂಳಿಗೆ ಸಿಕ್ಕಿ ನಿಂತಿತಂತೆ. ಹಡಗಿನವರು ಹೊತ್ತು ಹೋಗದೆ ಮರಳ ಮೇಲೆ ಚೆಂಡು ಒದ್ದರಂತೆ. ದೊಡ್ಡ ನೀರು ಬಂದು ಹಡಗು ಹೋಯಿತು, ಚೆಂಡು ಉಳಿಯಿತು. ಅಂದಿನಿಂದ ಊರಿಗೆ ಫುಟ್ಬಾಲಿನ ಹುಚ್ಚು. ಕುಯ್ಲು ಮುಗಿದ ಗದ್ದೆಯಲ್ಲಿ ಅಡಿಕೆ ಮರದ ಕಂಬ ನೆಟ್ಟು ಆಡುವುದು, ಶಿವರಾತ್ರಿಯ ಮಾರನೆಯ ದಿನ ಹೊಳೆಯಾಚೆಯ ಆಚೆಕೇರಿಯವರ ಮೇಲೆ ಪಂದ್ಯ ಹೂಡುವುದು, ಗೆದ್ದರೆ ಒಂದು ವರ್ಷ ಎದೆ ಉಬ್ಬಿಸಿ ನಡೆಯುವುದು, ಸೋತರೆ ಒಂದು ವರ್ಷ ಆಚೆಕೇರಿಯ ಸಂತೆಗೆ ಹೋಗದೆ ಇರುವುದು. ಇದು ಆ ಊರಿನ ನಡೆ ಎಂದು ಹೇಳುತ್ತಾರೆ.

ಆ ಊರಿನಲ್ಲಿ ಐದು ಮನೆ ಮರ್ಯಾದೆಯ ಮನೆಗಳು. ಮೇಲಿನಮನೆ ಮೊದಲನೆಯದು, ಆಮೇಲೆ ನಡುಮನೆ, ಬಾವಿಮನೆ, ಹಿತ್ತಲಮನೆ, ಕೊನೆಯಲ್ಲಿ ಗುಡ್ಡೆಮನೆ. ತೀರ್ಥಕ್ಕೆ ಕೈ ನೀಡುವುದಾದರೆ ಈ ಸಾಲಿನಲ್ಲಿ, ವೀಳ್ಯ ಹಿಡಿಯುವುದಾದರೆ ಈ ಸಾಲಿನಲ್ಲಿ, ಗದ್ದೆಗೆ ನೀರು ಬಿಡುವುದಾದರೂ ಈ ಸಾಲಿನಲ್ಲಿ. ದೋಣಿ ಹತ್ತುವಾಗ ಗುಡ್ಡೆಮನೆಯವನ ಕಾಲು ಮೇಲಿನಮನೆಯವನ ಕಾಲಿಗಿಂತ ಮೊದಲು ಹಲಗೆ ಮುಟ್ಟಿತೆಂದು ಒಂದು ಮದುವೆಯೇ ನಿಂತುಹೋಗಿತ್ತಂತೆ. ಆದ್ದರಿಂದ ಫುಟ್ಬಾಲು ಊರಿಗೆ ಬಂದಾಗ ಅದೂ ಈ ಸಾಲಿನೊಳಗೇ ಬಂತು. ಮೇಲಿನಮನೆ ಗಣಪಯ್ಯ ತಂಡದ ಯಜಮಾನ. ಉಳಿದ ನಾಲ್ಕು ಮನೆಯವರು ಅವನ ಎಡಬಲ.

ಒಂದು ಜಾಗ ಮಾತ್ರ ಯಾರಿಗೂ ಬೇಡವಾಗಿತ್ತು. ಕಂಬಗಳ ನಡುವಿನ ಜಾಗ. ಅಲ್ಲಿ ನಿಂತವನು ನೂರು ಜನರ ಎದುರು ನೆಲಕ್ಕೆ ಬೀಳಬೇಕು, ಕೆಸರಿನಲ್ಲಿ ಉರುಳಬೇಕು, ಬೈಸಿಕೊಳ್ಳಬೇಕು. ಮರ್ಯಾದೆಯ ಮನೆಯವರು ಬೀಳುವುದುಂಟೇ? ಅದಕ್ಕೆ ಕೇರಿಯ ತುದಿಯಿಂದ ಜಟ್ಟಗನನ್ನು ಕರೆಸಿದರು. ಜಟ್ಟಗ ಬೀಸುಬಲೆಯವನು. ಸೊಂಟದ ಮಟ್ಟದ ನೀರಲ್ಲಿ ಕಲ್ಲಿನ ಹಾಗೆ ನಿಂತು, ನೀರೊಳಗೆ ಮೀನಿನ ನೆರಳು ಸರಿದ ಕ್ಷಣಕ್ಕೆ ಬಲೆ ಬೀಸುವವನು. ಐದು ಮನೆಗಳ ಸಾಲಿನಲ್ಲಿ ಅವನ ಮನೆಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ತೀರ್ಥ ಅವನಿಗೆ ಅಂಗಳದಲ್ಲಿ, ಎಲ್ಲರದೂ ಆದ ಮೇಲೆ.

ಆ ಜಾಗ ಯಾರಿಗೂ ಬೇಡದ್ದಿರಬಹುದು, ಜಟ್ಟಗನಿಗೆ ಮಾತ್ರ ಬೇಕಾಗಿತ್ತು. ಊರಿನ ನೆಲದಲ್ಲಿ, ಇದು ಜಟ್ಟಗನದು, ಇಲ್ಲಿಗೆ ಜಟ್ಟಗನೇ ಬರಬೇಕು ಎಂದು ಎಲ್ಲರೂ ಒಪ್ಪಿದ ಜಾಗ ಅದೊಂದೇ. ಪಂದ್ಯದ ಬೆಳಿಗ್ಗೆ ಅವನು ಆ ಜಾಗವನ್ನು ತಾನೇ ಗುಡಿಸುತ್ತಿದ್ದ, ನೀರು ಚಿಮುಕಿಸುತ್ತಿದ್ದ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಆಮೇಲೆ ನಿಲ್ಲುತ್ತಿದ್ದ ಎಂದು ಹೇಳುತ್ತಾರೆ.

ನಿಂತ ಮೇಲೆ ಚೆಂಡು ಅವನನ್ನು ದಾಟುತ್ತಿರಲಿಲ್ಲ. ಒಮ್ಮೆ ಚೆಂಡೂ ಕಡಲಹಕ್ಕಿಯೂ ಒಟ್ಟಿಗೇ ಕಂಬದ ಕಡೆ ಬಂದಾಗ ಬಲಗೈಯಲ್ಲಿ ಚೆಂಡು ಹಿಡಿದು, ಎಡಗೈಯಲ್ಲಿ ಹಕ್ಕಿಯನ್ನು ಹಿಡಿದು, ಹಕ್ಕಿಯನ್ನು ಹಾರಿಬಿಟ್ಟು ಚೆಂಡನ್ನು ಉಳಿಸಿಕೊಂಡನಂತೆ. ಇದನ್ನು ಹೇಳುವಾಗ ಮಾಬ್ಲ ಮಾವ ಹೂವಿನಿಂದ ಕಣ್ಣೆತ್ತುತ್ತಿರಲಿಲ್ಲ. ನಗು ಬಂದರೆ ಮಾಲೆ ಸಡಿಲಾಗುತ್ತದೆ ಎನ್ನುತ್ತಿದ್ದರು.

ಹೀಗಿರುವಾಗ ಒಂದು ವರ್ಷ ಆಚೆಕೇರಿಯವರು ಹೊಸದೊಂದು ಕಟ್ಟಿಕೊಂಡು ಬಂದರು. ತಪ್ಪಾಟವಾಗಿ ಎದುರಿನವರಿಗೆ ಫ್ರೀಕಿಕ್ಕು, ಅಂದರೆ ಚೆಂಡನ್ನು ನಿಲ್ಲಿಸಿಟ್ಟು ಒದೆಯುವ ಅವಕಾಶ, ಸಿಕ್ಕಿದಾಗ ಆಚೆಕೇರಿಯ ಹುಡುಗರು ಚೆಂಡಿನ ಎದುರು ಹೆಗಲಿಗೆ ಹೆಗಲು ಹಚ್ಚಿ ಗೋಡೆಯ ಹಾಗೆ ನಿಂತುಬಿಟ್ಟರು. ಚೆಂಡು ಅವರ ಎದೆಗೆ ಬಡಿದು ಹಿಂದಕ್ಕೆ ಬಂತು. ಕಡವಿನಬೈಲಿನವರು ಕಂಡರು, ಮೆಚ್ಚಿದರು, ನಮಗೂ ಗೋಡೆ ಬೇಕು ಎಂದರು. ಸರಿ, ಗೋಡೆಯಲ್ಲಿ ನಿಲ್ಲುವವರು ಯಾರು? ಜನರೆದುರು ಎದೆಯೊಡ್ಡಿ ನಿಲ್ಲುವುದು ಮರ್ಯಾದೆಯ ಕೆಲಸ. ಹಾಗಾದರೆ ಐದು ಮನೆಯವರೂ ನಿಲ್ಲಬೇಕು, ಸಾಲು ತಪ್ಪದೆ ನಿಲ್ಲಬೇಕು. ಫ್ರೀಕಿಕ್ಕು ಹತ್ತಿರದ್ದಿರಲಿ, ದೂರದ್ದಿರಲಿ, ಎಡಕ್ಕಿರಲಿ, ಬಲಕ್ಕಿರಲಿ, ಐದು ಜನ. ಒಬ್ಬನನ್ನು ಬಿಟ್ಟರೆ ಒಂದು ಮನೆಯನ್ನು ಬಿಟ್ಟ ಹಾಗೆ.

ಆಚೆಕೇರಿಯವರು ತಮ್ಮ ಗೋಡೆಯನ್ನು ಒಂದು ಕಂಬದ ಕಡೆಗಷ್ಟೇ ಕಟ್ಟಿ, ಇನ್ನೊಂದು ಕಡೆಯನ್ನು ಗೋಲು ಕಾಯುವವನ ಕಣ್ಣಿಗೆ ಬಿಡುತ್ತಿದ್ದರು. ಅದನ್ನು ನಮ್ಮವರು ಗಮನಿಸಲಿಲ್ಲ. ನಮ್ಮ ಗೋಡೆ ಮರ್ಯಾದೆಯ ಗೋಡೆ. ಅದು ನಡುಮಧ್ಯೆ ನಿಂತಿತು. ಹಿಂದೆ ನಿಂತ ಜಟ್ಟಗನಿಗೆ ಕಂಡದ್ದು ಐದು ಬೆನ್ನು.

ಅಂದಿನಿಂದ ಚೆಂಡು ಅವನನ್ನು ದಾಟತೊಡಗಿತು. ಆಚೆಕೇರಿಯಲ್ಲಿ ಇನಾಸ ಅಂತ ಒಬ್ಬ, ದೋಣಿ ಕಟ್ಟುವ ಬಡಗಿ, ಎಡಗಾಲಿನವನು. ಅವನು ಫ್ರೀಕಿಕ್ಕು ಒದ್ದರೆ ಚೆಂಡು ಗೋಡೆಯ ತಲೆಯ ಮೇಲಿಂದ ಹಾರಿ ಇಳಿಯುತ್ತಿತ್ತು. ತಲೆಯ ಮೇಲೆ ಕಂಡಾಗ ಜಟ್ಟಗ ಹಾರುತ್ತಿದ್ದ. ಅಷ್ಟರಲ್ಲಿ ಚೆಂಡು ಒಳಗೆ ಬಿದ್ದು ತಣ್ಣಗಾಗಿರುತ್ತಿತ್ತು. ವರ್ಷದ ಮೇಲೆ ವರ್ಷ ಊರು ಸೋತಿತು.

ಆಗ ಪಾಂಡು ಪೈಗಳ ಚಹದಂಗಡಿಯಲ್ಲಿ ಮಾತಿಗೆ ಬರವಿರಲಿಲ್ಲ. ಪೈಗಳು ಆಟ ಆಡಿದವರಲ್ಲ, ಆದರೆ ನೋಡಿದವರು. ಅವರಿಗೆ ಎದುರು ಮಾತಾಡಲು ದೇವಸ್ಥಾನದಲ್ಲಿ ವಾಲಗ ಊದುವ ಕುಪ್ಪಯ್ಯ ದೇವಾಡಿಗ ಇದ್ದ. ಅವನಿಗೆ ಜಟ್ಟಗನೆಂದರೆ ಪ್ರಾಣ.

"ಅವನ ಕೈ ಸಡಿಲ ಆಗಿದೆ ಮಾರಾಯ," ಎಂದರು ಪೈಗಳು. "ಮದುವೆ ಆದಮೇಲೆ ನೋಡು ನೀನು. ಮೊದಲು ಚೆಂಡಿಗೆ ಹಾರ್ತಿದ್ದ. ಈಗ ಚೆಂಡಿಗೆ ದಾರಿ ಬಿಡ್ತಾನೆ."

"ನಿಮ್ಮ ಚಹವೂ ಸಡಿಲ ಆಗಿದೆಯಲ್ಲ ಪೈಗಳೇ," ಎಂದ ಕುಪ್ಪಯ್ಯ. "ಅದು ಯಾರ ಮದುವೆ ಆದಮೇಲೆ?"

"ನೀನು ಕುಡಿಯೋದು ಕುಡಿ. ನಾನು ಕೇಳೋದು ಒಂದೇ ಮಾತು. ಓಡ್ತಾ ಬಂದ ಚೆಂಡು ಇವತ್ತಿಗೂ ಹಿಡೀತಾನೆ, ಅಲ್ವಾ? ಹಾಗಾದರೆ ನಿಲ್ಲಿಸಿಟ್ಟು ಒದ್ದ ಚೆಂಡು ಎಂತಕ್ಕೆ ಬಿಡ್ತಾನೆ? ಎದುರಿಗೆ ಐದು ಜನ ಕಾವಲಿದ್ದೂ?"

"ಓಡುವ ಚೆಂಡು ಹಿಡಿಯುವವನ ಕೈ ಸರಿ ಉಂಟು ಅಂತ ನೀವೇ ಒಪ್ಪಿದಿರಿ. ಅಂದಮೇಲೆ ಕೈಯ ದೋಷ ಅಲ್ಲ."

"ಮತ್ತೆ ಯಾವುದರ ದೋಷ?"

"ಊದುವಾಗ ಉಸಿರು ಎಲ್ಲಿ ಸೋರ್ತದೆ ಅಂತ ಕೂಡಲೇ ತಿಳಿಯೂದಿಲ್ಲ, ಪೈಗಳೇ. ಹುಡುಕಬೇಕು," ಎಂದು ಹೇಳಿ ಕುಪ್ಪಯ್ಯ ಲೋಟ ಕೆಳಗಿಟ್ಟ.

ಹೀಗೆ ದಿನವೂ. ಕಣ್ಣು ಬಿದ್ದಿದೆ ಎಂದರು ಕೆಲವರು. ಮೀನಿನ ಜಿಡ್ಡು ಕೈಗಂಟಿದೆ ಎಂದರು ಕೆಲವರು. ಮಾತು ಚಹದಂಗಡಿಯಿಂದ ಐದು ಮನೆಗಳ ಜಗಲಿಗೆ ಹೋಯಿತು. ಐದು ಮನೆಯವರು ಕೂತು ತೀರ್ಮಾನ ಮಾಡಿದರು: ಬರುವ ಶಿವರಾತ್ರಿಯ ಪಂದ್ಯದಲ್ಲಿ ಫ್ರೀಕಿಕ್ಕಿನಿಂದ ಒಂದೇ ಒಂದು ಗೋಲು ಹೋದರೂ ಜಟ್ಟಗ ಕಂಬದ ನಡುವಿನಿಂದ ಇಳಿಯತಕ್ಕದ್ದು. ಮತ್ತೆಂದೂ ಅಲ್ಲಿ ನಿಲ್ಲತಕ್ಕದ್ದಲ್ಲ.

ಜಟ್ಟಗ ಮಾತು ಕಡಿಮೆಯವನು. ಆದರೆ ಹಿಡಿದದ್ದು ಬಿಡುವವನಲ್ಲ. ಅವನಿಗೆ ದೋಷ ಎಲ್ಲಿದೆ ಎಂದು ಗೊತ್ತಿತ್ತು. ಮೈ ತೊಳೆದು, ಮಡಿ ಪಂಚೆ ಉಟ್ಟು, ಮೇಲಿನಮನೆಯ ಅಂಗಳದಲ್ಲಿ ಹೋಗಿ ನಿಂತ. ದೂರದ ಫ್ರೀಕಿಕ್ಕಿಗೆ ಗೋಡೆಯಲ್ಲಿ ಇಬ್ಬರು ಸಾಕು, ಉಳಿದವರು ಸರಿದು ನಿಂತರೆ ತನಗೆ ಚೆಂಡು ಕಾಣುತ್ತದೆ ಎಂದು ವಿನಂತಿ ಮಾಡಿಕೊಂಡ. ಗಣಪಯ್ಯ ಕೆಟ್ಟವನಲ್ಲ. ಕೇಳಿಸಿಕೊಂಡ. ತಾನು ಸರಿಯಲು ಸಿದ್ಧ, ಆದರೆ ಮೇಲಿನಮನೆ ಇಲ್ಲದ ಗೋಡೆಯಲ್ಲಿ ನಡುಮನೆ ನಿಂತರೆ ನಾಳೆ ತೀರ್ಥಕ್ಕೂ ಅವರೇ ಮೊದಲು ಕೈ ನೀಡುತ್ತಾರೆ, ಅವರನ್ನು ಮೊದಲು ಒಪ್ಪಿಸು ಎಂದ. ಬಾವಿಮನೆಯವರು ಮೊದಲು ಸರಿಯಲಿ, ಆಮೇಲೆ ನಾವು ಎಂದರು ನಡುಮನೆಯವರು. ಬಾವಿಮನೆಯವರು ಹಿತ್ತಲಮನೆಗೆ ಕಳಿಸಿದರು, ಹಿತ್ತಲಮನೆಯವರು ಗುಡ್ಡೆಮನೆಗೆ ಕಳಿಸಿದರು. ಗುಡ್ಡೆಮನೆಯ ಮುದುಕ ಎಲೆಯಡಿಕೆ ಉಗಿದು ಹೇಳಿದ, "ಕೊನೆಯ ಮನೆ ಅಂತ ನಮ್ಮನ್ನೇ ಮೊದಲು ಬಿಡಿಸಲು ಬಂದೆಯಾ? ಮೇಲಿನಮನೆಯವರನ್ನು ಕೇಳಿ ಬಾ."

ಐದು ಮನೆಯ ಅಂಗಳ ಸುತ್ತಿ ಜಟ್ಟಗ ಮನೆಗೆ ಬಂದ. ಬಂದವನು ಕೂರಲಿಲ್ಲ. ಹಳೆಯ ದೋಣಿಯ ಹಾಯಿಯನ್ನು ತೆಗೆದುಕೊಂಡು ಹೋಗಿ ಮರಳಿನಲ್ಲಿ ಎರಡು ಗಳಕ್ಕೆ ಕಟ್ಟಿದ. ಹೆಂಡತಿ ನಾಗು ಹಾಯಿಯ ಆಚೆ ನಿಂತು ಚೆಂಡು ಎಸೆಯಬೇಕು, ಕಾಣದ ಚೆಂಡನ್ನು ಇವನು ಈಚೆ ಹಿಡಿಯಬೇಕು. ನಾಗು ಸೀರೆ ಎತ್ತಿ ಕಟ್ಟಿ ಎಸೆದಳು. ಬೆಳಿಗ್ಗೆ ಎಸೆದಳು, ಮೀನು ಮಾರಿ ಬಂದು ಮತ್ತೆ ಎಸೆದಳು. ಜಟ್ಟಗ ಬಿದ್ದ, ಎದ್ದ, ಮತ್ತೆ ಬಿದ್ದ. ಮೊಣಕೈ ಚರ್ಮ ಸುಲಿದು ಉಪ್ಪುನೀರಿಗೆ ಉರಿಯಿತು. ಕೊನೆಗೆ ನಾಗುವೇ ಚೆಂಡನ್ನು ಸೊಂಟಕ್ಕೆ ಒತ್ತಿ ಹಿಡಿದು ನಿಂತಳು.

"ಕಾಣದೆ ಹಿಡಿಯುವ ವಿದ್ಯೆ ಇದ್ದರೆ ನೀವು ಬಲೆ ಬೀಸುವಾಗ ನೀರು ನೋಡೂದು ಎಂತಕ್ಕೆ?" ಎಂದಳು.

"ಮತ್ತೆಂತ ಮಾಡಬೇಕು? ಅವರು ಸರಿಯೂದಿಲ್ಲ."

"ಸರಿಯಿರಿ ಅಂದರೆ ಯಾರೂ ಸರಿಯೂದಿಲ್ಲ. ಮರ್ಯಾದೆ ಇಳಿಸಿದ ಹಾಗೆ ಆಗ್ತದೆ ಅವರಿಗೆ. ನಮ್ಮ ಹಟ್ಟಿಯ ದನವೂ ತನ್ನ ಗೂಟ ಬಿಟ್ಟು ಹಿಂದಿನ ಗೂಟಕ್ಕೆ ಹೋಗೂದಿಲ್ಲ, ಮುಂದಿನದಕ್ಕಾದರೆ ಕರೆಯದೆ ಹೋಗ್ತದೆ."

ಜಟ್ಟಗ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡ. ಹಾಯಿ ಬಿಚ್ಚಿ ಮಡಿಸಿದ. ಆ ಹಾಯಿಯ ಹಿಂದೆ ನಿಂತು ಅವನು ಚೆಂಡಿನ ಸದ್ದು ಕೇಳಿ ಹಿಡಿಯುವ ಸಿದ್ಧಿ ಪಡೆದ ಎಂದು ಕೆಲವರು ಹೇಳುತ್ತಾರೆ. ಮಾಬ್ಲ ಮಾವ ಅದಕ್ಕೆ ಅಲ್ಲವೆಂದು ತಲೆಯಾಡಿಸುತ್ತಿದ್ದರು. ಸಿದ್ಧಿಯೂ ಇಲ್ಲ, ಮಂತ್ರವೂ ಇಲ್ಲ. ಅವನು ಪಡೆದದ್ದು ಸುಲಿದ ಮೊಣಕೈ ಎನ್ನುತ್ತಿದ್ದರು.

ಶಿವರಾತ್ರಿ ಕಳೆಯಿತು. ಮಾರನೆಯ ದಿನ ಬಯಲಿನ ಸುತ್ತ ಎರಡೂ ದಡದ ಜನ. ಸೀಟಿ ಹಿಡಿದವನು ಕಡವಿನಲ್ಲಿ ಜನರನ್ನು ಹೊಳೆ ದಾಟಿಸುವ ದೋಣಿಯವನು. ಎರಡೂ ದಡದ ಅನ್ನ ಉಣ್ಣುವವನಾದ್ದರಿಂದ ಅವನ ಮಾತು ಇಬ್ಬರಿಗೂ ಒಪ್ಪಿಗೆ. ಉಪವಾಸ ಮಾಡಿದ ಹೊಟ್ಟೆಯಲ್ಲೇ ಜಟ್ಟಗ ತನ್ನ ಜಾಗ ಗುಡಿಸಿ, ನೀರು ಚಿಮುಕಿಸಿ, ನೆಲ ಮುಟ್ಟಿ ನಿಂತ. ಓಡಿ ಬಂದ ಚೆಂಡುಗಳನ್ನೆಲ್ಲ ಹಿಡಿದ. ನಡುಮನೆಯ ಹುಡುಗ ಒಂದು ಗೋಲು ಹೊಡೆದ. ಕಡವಿನಬೈಲು ಮುಂದಿತ್ತು. ಸೂರ್ಯ ಸಮುದ್ರದ ಕಡೆ ಇಳಿದಿದ್ದ.

ಆಗ ಗಣಪಯ್ಯ ಓಡುತ್ತಿದ್ದ ಇನಾಸನಿಗೆ ಅಡ್ಡಗಾಲು ಕೊಟ್ಟ. ಸೀಟಿ ಕೂಗಿತು. ಕಂಬಕ್ಕೆ ನೇರ ಎದುರು, ಆಚೆಕೇರಿಗೆ ಫ್ರೀಕಿಕ್ಕು. ಇದಾದರೆ ಆಟ ಮುಗಿಯಿತು ಎಂದ ದೋಣಿಯವ.

ಇನಾಸ ಚೆಂಡನ್ನು ಎರಡು ಕೈಯಲ್ಲಿ ಎತ್ತಿ, ಕುಯ್ದ ಭತ್ತದ ಕೂಳೆ ನೋಡಿ ಅದರ ಮೇಲೆ ಇಟ್ಟ. ಐದು ಮನೆಯವರು ಬಂದರು. ಮೇಲಿನಮನೆ, ನಡುಮನೆ, ಬಾವಿಮನೆ, ಹಿತ್ತಲಮನೆ, ಗುಡ್ಡೆಮನೆ. ಹೆಗಲಿಗೆ ಹೆಗಲು ಹಚ್ಚಿ ನಿಂತರು. ಜಟ್ಟಗನಿಗೆ ಚೆಂಡು ಮುಚ್ಚಿಹೋಯಿತು.

"ಹೋಯ್ತು," ಎಂದರು ಪೈಗಳು ಗದ್ದೆಯ ಅಂಚಿನಲ್ಲಿ. "ಇವತ್ತಿಗೆ ಅವನ ಕಥೆ ಮುಗೀತು."

ಕುಪ್ಪಯ್ಯ ಜನರ ನಡುವೆ ತೂರಿ ಕಂಬದ ಹತ್ತಿರಕ್ಕೆ ಹೋದ.

ಜಟ್ಟಗ ಕಂಬಗಳ ನಡುವಿನಿಂದ ಹೊರಗೆ ಬಂದ. ಓಡಲಿಲ್ಲ, ನಡೆದೇ ಬಂದ. ದೋಣಿಯವನಿಗೆ ಕೈ ಎತ್ತಿ ತುಸು ತಾಳು ಎಂದ. ಗೋಡೆಯ ಮುಂದೆ ಬಂದು ಗಣಪಯ್ಯನಿಗೆ ಕೈ ಮುಗಿದ.

"ಒಡೆಯರೇ, ಒಂದು ತಪ್ಪು ನಡೆದುಹೋಗಿದೆ. ನಿಮ್ಮನ್ನು ನಾನು ಹೊರಗೆ ನಿಲ್ಲಿಸಿದ್ದೇನೆ."

"ಎಂತದ್ದು ಮಾರಾಯ? ಆಟದ ನಡುವೆ?"

"ದೇವಸ್ಥಾನದಲ್ಲಿ ಬಾಗಿಲ ಹೊರಗೆ ನಿಲ್ಲುವವರು ಯಾರು? ದ್ವಾರಪಾಲಕರು. ಒಳಗೆ ಇರುವವನು ದೇವರು. ಇಲ್ಲಿ ನೋಡಿದರೆ ಒಡೆಯರು ಐದು ಜನ ಹೊರಗೆ ಕಾವಲು, ಕೂಲಿಯವ ನಾನು ಒಳಗೆ. ನೋಡಿದವರು ಏನು ಹೇಳಬೇಕು? ನೀವು ಒಳಗೆ ಬನ್ನಿ. ಗೆರೆಯ ಮೇಲೆ, ಕಂಬದಿಂದ ಕಂಬಕ್ಕೆ, ನಿಮ್ಮ ಸಾಲಿನಲ್ಲೇ ನಿಲ್ಲಿ. ನಾನು ಹೊರಗೆ ನಿಲ್ಲುತ್ತೇನೆ."

ಇಂಥ ಮಾತು ಅವನಿಗೆ ಎಲ್ಲಿಂದ ಬಂತು ಎಂದು ಎಷ್ಟೋ ಜನ ಕೇಳಿದ್ದಾರೆ. ಎಲ್ಲಿಂದಲೂ ಬರಬೇಕಾಗಿರಲಿಲ್ಲ. ಗರ್ಭಗುಡಿಯ ಹತ್ತಿರ ಹೋಗುವವರ ಕಣ್ಣು ದೇವರ ಮೇಲಿರುತ್ತದೆ. ಜೀವಮಾನವಿಡೀ ಅಂಗಳದಲ್ಲಿ ನಿಂತವನಿಗೆ ಕಾಣುವುದು ದ್ವಾರಪಾಲಕರೇ.

ಗಣಪಯ್ಯ ನಡುಮನೆಯವನ ಮುಖ ನೋಡಿದ. ನಡುಮನೆಯವನು ಬಾವಿಮನೆಯವನ ಮುಖ ನೋಡಿದ. ಇದರಲ್ಲಿ ಯಾರೂ ಇಳಿಯುವುದಿಲ್ಲ, ಯಾರೂ ಬಿಟ್ಟುಹೋಗುವುದಿಲ್ಲ, ಎಲ್ಲರೂ ಒಳಗೆ ಹೋಗುತ್ತಾರೆ. ಬೇಡ ಎಂದರೆ ಹೊರಗಿನವರಾಗಿ ಉಳಿಯಬೇಕು. ಗಣಪಯ್ಯ ಪಂಚೆ ಸರಿಮಾಡಿಕೊಂಡು ಗೋಲಿನ ಕಡೆ ಹೊರಟ. ಉಳಿದವರು ಸಾಲಾಗಿ ಹಿಂದೆ ಹೋದರು. ಕಂಬದಿಂದ ಕಂಬಕ್ಕೆ ಗೆರೆಯ ಮೇಲೆ ನಿಂತರು. ಆಚೆಕೇರಿಯವರು ನಕ್ಕರು. ದೋಣಿಯವ ತಲೆ ಕೆರೆದುಕೊಂಡ. ಗೋಡೆ ಗೋಲಿನ ಗೆರೆಯ ಮೇಲೆ ನಿಲ್ಲಬಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಜಟ್ಟಗ ಅವರ ಮುಂದೆ ನಿಂತ. ಅವನ ಎದುರು ಈಗ ಬಯಲು, ಬಯಲಿನಲ್ಲಿ ಚೆಂಡು, ಚೆಂಡಿನ ಹಿಂದೆ ಇನಾಸ. ಎಷ್ಟು ವರ್ಷವಾಗಿತ್ತು ನಿಲ್ಲಿಸಿಟ್ಟ ಚೆಂಡನ್ನು ಅವನು ಕಾಣದೆ. ಇನಾಸನ ಬಲಗಾಲು ಎಲ್ಲಿ ಊರುತ್ತದೆ, ಸೊಂಟ ಯಾವ ಕಡೆ ತೆರೆಯುತ್ತದೆ, ಎಲ್ಲ ಕಾಣುತ್ತಿತ್ತು, ತಿಳಿನೀರಿನಲ್ಲಿ ಮೀನು ಕಂಡ ಹಾಗೆ. ಮೊಣಕಾಲು ತುಸು ಬಗ್ಗಿಸಿ, ಕೈ ಇಳಿಬಿಟ್ಟು ನಿಂತ. ಸಮುದ್ರದ ಗಾಳಿಯೂ ಆಗ ನಿಂತಿತು ಎಂದು ಹೇಳುತ್ತಾರೆ.

ಇನಾಸ ಒದ್ದ. ತಡೆಯಲು ಗೋಡೆಯಿಲ್ಲ, ಚೆಂಡು ಗುಂಡಿನ ಹಾಗೆ ಬಂತು. ಎಡಕ್ಕೆ ಹೊರಟು ಬಲಕ್ಕೆ ಬಾಗಿತು. ಜಟ್ಟಗ ಎಡಕ್ಕೆ ಅಲುಗಲಿಲ್ಲ. ಬಾಗುವ ತನಕ ತಾಳಿದ. ಬಾಗಿದ ಕ್ಷಣಕ್ಕೆ ಬಲೆ ಬೀಸುವಂತೆ ಮೈಯನ್ನೇ ಬೀಸಿದ. ಎರಡು ಅಂಗೈಯ ನಡುವೆ ಚೆಂಡು ಸಿಕ್ಕಿತು. ನೆಲಕ್ಕೆ ಬಿದ್ದ, ಉರುಳಿದ, ಗಣಪಯ್ಯನ ಕಾಲ ಬಳಿ ಹೋಗಿ ನಿಂತ. ಚೆಂಡು ಎದೆಯ ಮೇಲಿತ್ತು. ಗೆರೆ ದಾಟಿರಲಿಲ್ಲ.

ಸೀಟಿ ಕೂಗಿತು. ಜನ ಗದ್ದೆಗೆ ನುಗ್ಗಿದರು. ಕುಪ್ಪಯ್ಯ ವಾಲಗ ತಂದಿರಲಿಲ್ಲ; ಎರಡು ಕೈ ಬಾಯಿಗೆ ಹಿಡಿದು ಊದಿದನಂತೆ, ಅದೂ ಶ್ರುತಿಯಲ್ಲೇ ಇತ್ತಂತೆ.

ಆ ಸಂಜೆ ಪೈಗಳ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಪೈಗಳು ಸೋಲೊಪ್ಪುವವರಲ್ಲ. "ಕೈ ಇವತ್ತು ಗಟ್ಟಿ ಇತ್ತು ನೋಡು. ಉಪವಾಸದಿಂದ ಗಟ್ಟಿ ಆದದ್ದು," ಎಂದು ಶುರು ಮಾಡಿದರು. ಮೂಲೆಯಲ್ಲಿ ಗಣಪಯ್ಯ ಕೂತಿದ್ದ. ಗೆದ್ದವನ ಮುಖವಿರಲಿಲ್ಲ ಅವನಿಗೆ.

"ಪೈಗಳೇ, ನಾನು ಇವತ್ತು ಆ ಗೆರೆಯ ಮೇಲೆ ನಿಂತಿದ್ದೆ," ಎಂದ. "ಇನಾಸ ಯಾವಾಗ ಒದ್ದ ಅಂತ ನನಗೆ ಗೊತ್ತಿಲ್ಲ. ಚೆಂಡು ಎಲ್ಲಿಂದ ಬಂತು ಅಂತ ಗೊತ್ತಿಲ್ಲ. ಜಟ್ಟಗನ ಬೆನ್ನೊಂದೇ ಕಂಡದ್ದು. ಅಂವ ಕಾಲ ಬುಡಕ್ಕೆ ಬಂದು ಬಿದ್ದಮೇಲೆ ಚೆಂಡು ಕಂಡೆ."

ಗಣಪಯ್ಯ ಕೈಯಲ್ಲಿದ್ದ ಚಹವನ್ನು ಬದಿಗಿಟ್ಟ.

"ಎದುರಿಗೆ ಒಬ್ಬ ನಿಂತರೇ ಇಷ್ಟು ಕತ್ತಲೆ. ನಾವು ಐದು ಜನ ನಿಂತಿದ್ದೆವು," ಎಂದು ಗಣಪಯ್ಯ ಎದ್ದುಹೋದ. ಹೋದದ್ದು ಮನೆಗಲ್ಲ, ಕೇರಿಯ ತುದಿಗೆ. ಅಲ್ಲಿ ಏನು ಮಾತಾಯಿತೋ ಯಾರಿಗೂ ತಿಳಿಯದು. ನಾಗು ಅವನಿಗೆ ಬೆಲ್ಲ ನೀರು ಕೊಟ್ಟಳು, ಅವನು ಕುಡಿದ ಎಂದಷ್ಟೇ ಹೇಳುತ್ತಾರೆ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಜಟ್ಟಗ ತಲೆ ನರೆಯುವ ತನಕ ಕಂಬಗಳ ನಡುವೆ ನಿಂತ. ಇಳಿಯಬೇಕೆಂದು ಅವನಿಗೆ ಯಾರೂ ಹೇಳಲಿಲ್ಲ. ಒಂದು ದಿನ ತಾನೇ ಇಳಿದ.

ಕಡವಿನಬೈಲಿನಲ್ಲಿ ಇವತ್ತಿಗೂ ಫ್ರೀಕಿಕ್ಕಿಗೆ ಎದುರು ಗೋಡೆ ಕಟ್ಟುವುದಿಲ್ಲ. ಐದು ಜನ ಗೆರೆಯ ಮೇಲೆ ಹೋಗಿ ನಿಲ್ಲುತ್ತಾರೆ, ಗೋಲು ಕಾಯುವ ಗೋಲಿ ಮುಂದೆ ನಿಲ್ಲುತ್ತಾನೆ. ಹೊರ ಊರಿನ ತಂಡಗಳು ನಗುತ್ತವೆ, ಕೆಲವು ಸಲ ಗೋಲೂ ಹೊಡೆಯುತ್ತವೆ. ಊರಿನವರು ಬದಲಾಯಿಸುವುದಿಲ್ಲ. ಇನ್ನೊಂದು ಕಟ್ಟಳೆಯೂ ಉಂಟು. ತಂಡಕ್ಕೆ ಹೊಸಬ ಸೇರಿದರೆ, ಊರಿಗೆ ಹೊಸ ಅಳಿಯ ಬಂದರೂ ಸರಿ, ಮೊದಲು ಅವನನ್ನು ಕಂಬಗಳ ನಡುವೆ ನಿಲ್ಲಿಸುತ್ತಾರೆ. ಎದುರಿಗೆ ಐದು ಜನ ಹೆಗಲು ಹಚ್ಚಿ ನಿಲ್ಲುತ್ತಾರೆ, ಆಚೆಯಿಂದ ಒಬ್ಬ ಒದೆಯುತ್ತಾನೆ. ಚೆಂಡು ಒಳಗೆ ಹೋಗುತ್ತದೆ, ಹೋಗಲೇಬೇಕು. ಅದಾದ ಮೇಲೆಯೇ ಚಹದಂಗಡಿಯಲ್ಲಿ ಕೂತು ಗೋಲಿಯ ಕೈ ಗಟ್ಟಿಯೋ ಸಡಿಲವೋ ಎಂದು ಮಾತಾಡುವ ಹಕ್ಕು ಅವನಿಗೆ ಬರುತ್ತದೆ.

ದೇವರು ನನಗೆ ಕೊಟ್ಟ ನಾರು ಇಷ್ಟು. ನೀವು ಕೇಳಿದಿರಿ, ಇನ್ನು ಇದು ನಿಮ್ಮ ಕೈಯಲ್ಲಿದೆ. ಆಟ ನೋಡುತ್ತಾ ಯಾರಾದರೂ ಗೋಲಿಯನ್ನು ಬೈಯುವುದು ಕೇಳಿದರೆ, ಅವರ ಪಕ್ಕ ಸ್ವಲ್ಪ ಸರಿದು ಕೂತು ಜಟ್ಟಗನ ಕಥೆ ಹೇಳಿ. ಅವರು ಇನ್ನೊಬ್ಬರಿಗೆ ಹೇಳಲಿ.